ದಿನಕ್ಕೆ ಐದು, ತಿಂಗಳಿಗೆ ಐನೂರು

ಎಂಬತ್ತರ ದಶಕದ ಸಾಗರದ ಪೇಟೆಬೀದಿಯಲ್ಲಿ ಉಳಿತಾಯಕ್ಕೆ ಒಂದು ಹೊತ್ತು ಗೊತ್ತಾಗಿತ್ತು. ಸಂಜೆ ಲೈಟು ಹಾಕಿದ ಮೇಲೆ, ಅಂಗಡಿ ಬಾಗಿಲು ಎಳೆಯುವ ಮೊದಲು ಪಿಗ್ಮಿಯವರು ಬರುತ್ತಿದ್ದರು. ಹೆಗಲಲ್ಲಿ ಚೀಲ, ಕೈಯಲ್ಲಿ ರಸೀದಿ ಪುಸ್ತಕ. ದಿನಸಿ ಅಂಗಡಿ, ಬೀಡಾ ಅಂಗಡಿ, ಸೈಕಲ್ ಶಾಪು, ಕ್ಷೌರದಂಗಡಿ ಮುಗಿಸಿ ನಮ್ಮಪ್ಪನ ಹೊಲಿಗೆ ಅಂಗಡಿಗೆ ಹತ್ತುತ್ತಿದ್ದರು. "ಇವತ್ತೆಷ್ಟು ಬರೀಲಿ?" ಎಂಬ ಒಂದೇ ಪ್ರಶ್ನೆ. ಅಪ್ಪ ಗಲ್ಲಾಪೆಟ್ಟಿಗೆಯಿಂದ ಐದು ರೂಪಾಯಿ ತೆಗೆದುಕೊಡುತ್ತಿದ್ದರು. ಮದುವೆ ಕಾಲದಲ್ಲಿ ಅದು ಹತ್ತಾಗುತ್ತಿತ್ತು. ಆಷಾಢದ ಮಳೆಯಲ್ಲಿ, ಹೊಲಿಸಲು ಯಾರೂ ಬರದ ವಾರಗಳಲ್ಲಿ, ಎರಡಕ್ಕೆ ಇಳಿಯುತ್ತಿತ್ತು. ಪೂರ್ತಿ ನಿಂತದ್ದನ್ನು ನಾನು ನೋಡಲಿಲ್ಲ.

ಈ ಪಿಗ್ಮಿ ನಮ್ಮ ಕರಾವಳಿಯಿಂದಲೇ ಹುಟ್ಟಿಬಂದ ವ್ಯವಸ್ಥೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಒಂದು ಸಣ್ಣ ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಕೂಲಿಯವರು, ಮೀನು ಮಾರುವವರು, ಗೂಡಂಗಡಿಯವರು ಮೊದಲ ಸಲ ಖಾತೆದಾರರಾದರು. ಆ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಸಹಕಾರಿ ಸಂಘಗಳ ಮೂಲಕ ನಮ್ಮ ಊರುಗಳಲ್ಲಿ ಇಂದಿಗೂ ಉಳಿದಿದೆ. ರಸೀದಿ ಪುಸ್ತಕದ ಜಾಗಕ್ಕೆ ಅಂಗೈಯಗಲದ ಯಂತ್ರ ಬಂದಿದೆ, ಅಷ್ಟೆ.

ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಇದನ್ನು ಬರೆಯುತ್ತಿಲ್ಲ. ಪಿಗ್ಮಿಯ ಬಡ್ಡಿ ಕಡಿಮೆಯೇ ಇತ್ತು. ಅವಧಿಗೆ ಮುಂಚೆ ತೆಗೆದರೆ ಅದೂ ಕಡಿತವಾಗುತ್ತಿತ್ತು. ಮನೆಮನೆ ತಿರುಗುವವರ ಕಮಿಷನ್ ಯಾರೋ ಕೊಡಬೇಕಲ್ಲ, ಅದು ಬಡ್ಡಿಯಲ್ಲೇ ಕಳೆದುಹೋಗುತ್ತಿತ್ತು. ಅಪ್ಪನ ಪಿಗ್ಮಿ ಹಣ ಹೆಚ್ಚಾಗಿ ನಮ್ಮ ಶಾಲೆಯ ಫೀಸಿಗೆ, ಗಣಪತಿ ಹಬ್ಬಕ್ಕೆ, ಹೊಲಿಗೆ ಯಂತ್ರದ ರಿಪೇರಿಗೆ ಹೋಯಿತು. ಅದು ಸಂಪತ್ತು ಬೆಳೆಸುವ ದಾರಿಯಾಗಿರಲಿಲ್ಲ, ಸಾಲ ಕೊಡುವವನ ಮುಂದೆ ನಿಲ್ಲದಿರುವ ದಾರಿಯಾಗಿತ್ತು. ಅಷ್ಟನ್ನು ಅದು ಚೆನ್ನಾಗಿ ಮಾಡಿತು.

ಅಮ್ಮನ ದಾರಿ ಬೇರೆ. ಅವರದು ಅಂಚೆ ಕಚೇರಿಯ ಆರ್‌ಡಿ. ಪಕ್ಕದ ಬೀದಿಯ ಒಬ್ಬರು ಮಹಿಳಾ ಏಜೆಂಟರು ತಿಂಗಳ ಮೊದಲ ವಾರ ಬಂದು ಹಣ ತೆಗೆದುಕೊಂಡು, ಕಾರ್ಡಿನ ಮೇಲೆ ಸಹಿ ಹಾಕಿ ಹೋಗುತ್ತಿದ್ದರು. ತಿಂಗಳಿಗೆ ಹತ್ತು ರೂಪಾಯಿಯಿಂದ ಕಟ್ಟಬಹುದಾಗಿದ್ದ ಆ ಐದು ವರ್ಷದ ಆರ್‌ಡಿಗೆ ಈಗ ಕನಿಷ್ಠ ಕಂತು ನೂರು ರೂಪಾಯಿ. ಇದಲ್ಲದೆ ಬೀದಿಯ ಹೆಂಗಸರೆಲ್ಲ ಸೇರಿ ಹಾಕುತ್ತಿದ್ದ ಚೀಟಿಯೊಂದಿತ್ತು. ಚೀಟಿ ಎತ್ತಿದವರು ಕೊನೆಯ ಕಂತಿನವರೆಗೂ ಕಟ್ಟುತ್ತಾರೆಂಬ ನಂಬಿಕೆಯ ಮೇಲೆ ಅದು ನಿಂತಿತ್ತು. ಆ ನಂಬಿಕೆ ಮುರಿದ ವರ್ಷ ನಮ್ಮ ಬೀದಿಯಲ್ಲಿ ಎರಡು ಮನೆಗಳವರು ಮಾತು ಬಿಟ್ಟರು.

ಒಂದು ವಿಷಯವನ್ನು ಈಗಿನ ಹುಡುಗರಿಗೆ ಹೇಳಲೇಬೇಕು. ಅಪ್ಪ-ಅಮ್ಮನ ತಲೆಮಾರು ಷೇರು, ಫಂಡು ಎಂದು ತಲೆಕೆಡಿಸಿಕೊಳ್ಳದಿದ್ದುದಕ್ಕೆ ಕಾರಣ ಬರೀ ಭಯವಲ್ಲ. 1986ರಿಂದ 2000ದ ಆರಂಭದವರೆಗೆ ದೀರ್ಘಾವಧಿ ಉಳಿತಾಯದ ಪಿಪಿಎಫ್‌ಗೆ ಸರ್ಕಾರ ಶೇ. 12 ಬಡ್ಡಿ ಕೊಡುತ್ತಿತ್ತು. 1988ರಲ್ಲಿ ಕಿಸಾನ್ ವಿಕಾಸ್ ಪತ್ರ ಬಂದಾಗ ಹಾಕಿದ ಹಣ ಐದೂವರೆ ವರ್ಷಕ್ಕೆ ಎರಡರಷ್ಟಾಗುತ್ತಿತ್ತು. ಬೆಲೆಯೂ ಜೋರಾಗಿಯೇ ಏರುತ್ತಿತ್ತು, ನಿಜ. ಆದರೂ ಅಂಚೆ ಕಚೇರಿಗೆ ಹೋಗಿ ಸಹಿ ಹಾಕಿ ಬಂದವನಿಗೆ ಬೇರೇನೂ ಕಲಿಯುವ ಅಗತ್ಯ ಕಾಣುತ್ತಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಪಿಪಿಎಫ್ ಬಡ್ಡಿ ಶೇ. 7.1ಕ್ಕೆ ಇಳಿದು ಅಲ್ಲೇ ನಿಂತಿತು. ಕಿಸಾನ್ ವಿಕಾಸ್ ಪತ್ರ ಎರಡರಷ್ಟಾಗಲು 2023ರ ಲೆಕ್ಕದಲ್ಲಿ 115 ತಿಂಗಳು, ಅಂದರೆ ಒಂಬತ್ತೂವರೆ ವರ್ಷಕ್ಕೂ ಮೇಲೆ. ಅಂದಿನವರಿಗೆ ಸಾಕಾಗಿದ್ದ ದಾರಿಯಲ್ಲೇ ಇಂದಿನವರು ನಡೆದರೆ ಅಂದಿನವರು ತಲುಪಿದಲ್ಲಿಗೆ ತಲುಪುವುದಿಲ್ಲ.

ಭಯವೂ ಇತ್ತು, ಅದಕ್ಕೆ ಆಧಾರವೂ ಇತ್ತು. 1992ರಲ್ಲಿ ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಹಗರಣ ಹೊರಬಿದ್ದಾಗ ಷೇರು ಎಂದರೆ ಜೂಜು ಎಂಬ ಮಾತು ನಮ್ಮ ಪೇಟೆಯಲ್ಲಿ ಗಟ್ಟಿಯಾಯಿತು. ಸಂಬಳದಾರರು, ಅದರಲ್ಲೂ ಮೇಷ್ಟ್ರುಗಳು, ನೆಚ್ಚಿಕೊಂಡಿದ್ದದ್ದು ಯುನಿಟ್ ಟ್ರಸ್ಟ್ ಆಫ್ ಇಂಡಿಯಾದ (ಯುಟಿಐ) ಯುಎಸ್-64 ಎಂಬ ಫಂಡ್ ಯೋಜನೆ. 1964ರಿಂದ ನಡೆದುಬಂದಿದ್ದ, ಸರ್ಕಾರದ್ದೇ ಎಂದು ಜನ ತಿಳಿದಿದ್ದ ಯೋಜನೆ ಅದು. 2001ರ ಜುಲೈನಲ್ಲಿ ಅದರ ಯೂನಿಟ್‌ಗಳ ಮಾರಾಟ, ಮರುಖರೀದಿ ಎರಡನ್ನೂ ಆರು ತಿಂಗಳು ನಿಲ್ಲಿಸಿದಾಗ, ಮಗಳ ಮದುವೆಗೆಂದು ಅಲ್ಲಿ ಹಣ ಇಟ್ಟಿದ್ದ ನಿವೃತ್ತ ಮೇಷ್ಟ್ರೊಬ್ಬರು ಅಪ್ಪನ ಅಂಗಡಿಯ ಬೆಂಚಿನ ಮೇಲೆ ಮಾತಿಲ್ಲದೆ ಕೂತಿದ್ದರು. ಆ ಯೋಜನೆ ಯೂನಿಟ್ಟಿನ ಬೆಲೆಯನ್ನು ತಾನೇ ನಿಗದಿ ಮಾಡುತ್ತಿತ್ತು, ಒಳಗಿನ ಷೇರುಗಳ ನಿಜವಾದ ಮೌಲ್ಯಕ್ಕೆ ಅದು ಹೊಂದುತ್ತಿರಲಿಲ್ಲ. ಯೂನಿಟ್ಟಿನ ನಿಜಬೆಲೆ, ಅಂದರೆ ಎನ್‌ಎವಿ, ಪ್ರತಿದಿನ ಎಲ್ಲರ ಕಣ್ಣಿಗೆ ಕಾಣಬೇಕೆಂಬ ಇಂದಿನ ಶಿಸ್ತಿನ ಬೆಲೆ ನನಗೆ ತಿಳಿದದ್ದು ಆ ಮೇಷ್ಟ್ರ ಮುಖ ನೋಡಿ.

ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ಬಾಡಿಗೆ ಕಳೆದು ಕೈಯಲ್ಲಿ ಸ್ವಲ್ಪ ಉಳಿಯತೊಡಗಿದಾಗ ನಾನು ಮ್ಯೂಚುವಲ್ ಫಂಡಿನಲ್ಲಿ ತಿಂಗಳಿಗೆ ಐನೂರು ರೂಪಾಯಿಯ ಕಂತು ಕಟ್ಟುವ ಎಸ್‌ಐಪಿ ಶುರುಮಾಡಿದೆ. ಆಗ ಅದು ಕಾಗದದ ಕೆಲಸ. ಅರ್ಜಿ ತುಂಬಿ, ಮುಂದಿನ ತಿಂಗಳುಗಳ ತಾರೀಖು ಹಾಕಿದ ಚೆಕ್ಕುಗಳನ್ನು ಒಟ್ಟಿಗೆ ಬರೆದು ಪಿನ್ ಹಾಕಿ ಕೊಡಬೇಕಿತ್ತು. ಪ್ರತಿ ಕಂತಿನಲ್ಲಿ ಎಂಟ್ರಿ ಲೋಡ್ ಎಂದು ಶೇ. 2.25 ಮೊದಲೇ ಮುರಿದುಕೊಳ್ಳುವುದು ಸಾಮಾನ್ಯವಾಗಿತ್ತು. ಐನೂರಕ್ಕೆ ಹನ್ನೊಂದು ರೂಪಾಯಿ ಇಪ್ಪತ್ತೈದು ಪೈಸೆ. ಹೂಡಿಕೆಯಾಗುತ್ತಿದ್ದದ್ದು 488 ರೂಪಾಯಿ 75 ಪೈಸೆ ಮಾತ್ರ. ಅದರ ಮೇಲೆ ಫಂಡಿನ ವಾರ್ಷಿಕ ಖರ್ಚು ಬೇರೆ. ಊರಿಗೆ ಹೋದಾಗ ಈ ಲೆಕ್ಕ ಅಪ್ಪನಿಗೆ ಹೇಳಿದೆ. ಬಟ್ಟೆ ಕತ್ತರಿಸುವಾಗ ಅರ್ಧ ಇಂಚು ವ್ಯರ್ಥವಾದರೂ ಕೆಲಸದ ಹುಡುಗನನ್ನು ಬಿಡದ ಮನುಷ್ಯ. "ದುಡ್ಡು ಬೆಳೆಯೋದು ಆಮೇಲಿನ ಮಾತು. ಮೊದಲು ಮುರ್ಕೊಳ್ತಾರಲ್ಲ, ಅದು ಯಾಕೆ ಅಂತ ಕೇಳು" ಎಂದರು. ಫಂಡುಗಳ ಬಗ್ಗೆ ನಾನು ಕೇಳಿದ ಅತ್ಯಂತ ಉಪಯುಕ್ತ ಪ್ರಶ್ನೆ ಅದೇ.

ಆ ಪ್ರಶ್ನೆಯನ್ನು ಅಮೆರಿಕದಲ್ಲಿ ಬಹಳ ಹಿಂದೆಯೇ ಕೇಳಿದವರು ಜಾನ್ ಬೋಗಲ್. ಅವರ ವ್ಯಾನ್‌ಗಾರ್ಡ್ ಕಂಪನಿ 1976ರಲ್ಲಿ ಸಾಮಾನ್ಯ ಹೂಡಿಕೆದಾರರಿಗಾಗಿ ಮೊದಲ ಇಂಡೆಕ್ಸ್ ಫಂಡ್ ತಂದಿತು. ಗುರಿ ಹದಿನೈದು ಕೋಟಿ ಡಾಲರ್, ಸೇರಿದ್ದು ಒಂದು ಕೋಟಿ ಹದಿಮೂರು ಲಕ್ಷ ಡಾಲರ್ ಮಾತ್ರ. ಷೇರುಪೇಟೆಯವರು ಅದನ್ನು ಬೋಗಲ್‌ನ ಮೂರ್ಖತನ ಎಂದರು. ಬೋಗಲ್ ಹೇಳಿದ್ದು ಸರಳ ಗಣಿತ. ಹೂಡಿಕೆದಾರರೆಲ್ಲ ಸೇರಿದರೆ ಅದೇ ಮಾರುಕಟ್ಟೆ. ಎಲ್ಲರಿಗೂ ಸೇರಿ ಸಿಗುವುದು ಮಾರುಕಟ್ಟೆಯ ಗಳಿಕೆಯೇ. ಅದರಲ್ಲಿ ಖರ್ಚು ಕಳೆದರೆ ಕೈಗೆ ಬರುವುದು ಉಳಿಕೆ. ಹಾಗಾಗಿ ಒಬ್ಬನ ಕೈಯಲ್ಲಿ ನಿಶ್ಚಿತವಾಗಿ ಇರುವುದು ಒಂದೇ: ಖರ್ಚು ಕಡಿಮೆ ಮಾಡಿಕೊಳ್ಳುವುದು.

ನಮ್ಮಲ್ಲಿ ನಿಫ್ಟಿ ಸೂಚ್ಯಂಕ ಶುರುವಾದದ್ದು 1996ರಲ್ಲಿ. ಅದನ್ನು ಅನುಸರಿಸುವ ಫಂಡುಗಳು ಬಂದದ್ದು 2000ದ ಆಸುಪಾಸಿನಲ್ಲಿ. ಇಂಥ ಫಂಡಿನಲ್ಲಿ ಯಾವ ಷೇರು ಕೊಳ್ಳಬೇಕೆಂದು ತಲೆ ಓಡಿಸುವ ಮ್ಯಾನೇಜರ್ ಇಲ್ಲ. ಸೂಚ್ಯಂಕದಲ್ಲಿರುವ ಐವತ್ತು ಕಂಪನಿಗಳನ್ನು, ಅವುಗಳ ಮಾರುಕಟ್ಟೆ ಮೌಲ್ಯಕ್ಕೆ ತಕ್ಕ ಪ್ರಮಾಣದಲ್ಲಿ, ಹಾಗೇ ಕೊಂಡು ಇಡುತ್ತಾರೆ. ಬೆಂಗಳೂರಿನ ಇನ್ಫೋಸಿಸ್ ಕೂಡ ಅದರಲ್ಲಿದೆ. ಸೊರಗಿದ ಕಂಪನಿ ಪಟ್ಟಿಯಿಂದ ಹೊರಬೀಳುತ್ತದೆ, ಬೆಳೆದ ಕಂಪನಿ ಒಳಬರುತ್ತದೆ. ಕೆಲಸ ಕಡಿಮೆ, ಆದ್ದರಿಂದ ಖರ್ಚೂ ಕಡಿಮೆ.

ಮೊದಲ ದೊಡ್ಡ ಪರೀಕ್ಷೆ 2008ರದು. ಜನವರಿಯಲ್ಲಿ 6,000 ದಾಟಿದ್ದ ನಿಫ್ಟಿ ಅಕ್ಟೋಬರ್ ಕೊನೆಗೆ 2,500ರ ಹತ್ತಿರ ಬಂದಿತ್ತು. ಕಚೇರಿಯಲ್ಲಿ ಎಸ್‌ಐಪಿ ನಿಲ್ಲಿಸಿದವರೇ ಹೆಚ್ಚು. ನಾನು ನಿಲ್ಲಿಸಲಿಲ್ಲ. ಅದರಲ್ಲಿ ಧೈರ್ಯದ ಮಾತೇನೂ ಇರಲಿಲ್ಲ. ಆ ಹಣ ಹತ್ತು-ಹದಿನೈದು ವರ್ಷ ಬೇಕಾಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಆರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿ ಬೇರೆಯೇ ಇತ್ತು. ಹಾಗಿದ್ದಾಗ, ಬೆಲೆ ಬಿದ್ದ ತಿಂಗಳು ಅದೇ ಐನೂರಕ್ಕೆ ಹೆಚ್ಚು ಯೂನಿಟ್ ಸಿಗುತ್ತದೆ ಎಂಬ ಲೆಕ್ಕ ಮಾತ್ರ ಉಳಿಯುತ್ತದೆ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ, 12,000ದ ಮೇಲಿದ್ದ ನಿಫ್ಟಿ 7,600ಕ್ಕೆ ಕುಸಿದಾಗಲೂ ಹೀಗೇ ಆಯಿತು. 2024ರ ಸೆಪ್ಟೆಂಬರ್‌ನಲ್ಲಿ ಅದೇ ಸೂಚ್ಯಂಕ 26,000 ದಾಟಿತು. ಮುಂದೆಯೂ ಬೀಳುತ್ತದೆ, ಏಳುತ್ತದೆ. ಯಾವಾಗ ಎಂದು ಹೇಳುವವರನ್ನು ನಂಬಬೇಡಿ.

ಈ ನಡುವೆ ಸದ್ದಿಲ್ಲದೆ ಎರಡು ದೊಡ್ಡ ಬದಲಾವಣೆಗಳಾದವು. 2009ರ ಆಗಸ್ಟ್ 1ರಿಂದ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಎಂಟ್ರಿ ಲೋಡನ್ನು ತೆಗೆದುಹಾಕಿತು. 2013ರ ಜನವರಿಯಿಂದ ಪ್ರತಿ ಫಂಡಿಗೂ ಡೈರೆಕ್ಟ್ ಪ್ಲಾನ್ ಬಂತು. ಮಧ್ಯವರ್ತಿಯಿಲ್ಲದೆ ನೇರವಾಗಿ ಕೊಳ್ಳುವವರಿಗೆ ಕಮಿಷನ್ನಿನ ಹೊರೆ ತಪ್ಪಿತು. ಫಂಡು ಅದೇ, ಒಳಗಿನ ಷೇರುಗಳೂ ಅವೇ, ಖರ್ಚು ಮಾತ್ರ ಬೇರೆ. ಇವತ್ತು ನಿಫ್ಟಿ ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನ್‌ಗೆ ವರ್ಷಕ್ಕೆ ಶೇ. 0.2ರ ಆಸುಪಾಸು ಖರ್ಚು. ಮ್ಯಾನೇಜರ್ ನಡೆಸುವ ಈಕ್ವಿಟಿ ಫಂಡನ್ನು ಏಜೆಂಟರ ಮೂಲಕ, ಅಂದರೆ ರೆಗ್ಯುಲರ್ ಪ್ಲಾನ್‌ನಲ್ಲಿ ಕೊಂಡರೆ ಶೇ. 2ರ ಹತ್ತಿರವೂ ಹೋಗಬಹುದು.

ಕಳೆದ ವರ್ಷ ಅಕ್ಕನ ಮಗಳು ಮೊದಲ ಸಂಬಳ ಎಣಿಸಿದ ಮೇಲೆ ಫೋನ್ ಮಾಡಿದಳು. "ಮಾವ, ತಿಂಗಳಿಗೆ ಐನೂರು ಹಾಕಿದ್ರೆ ಏನು ಮಹಾ ಆಗತ್ತೆ?" ಎಂದಳು. ಕಾಗದ ಪೆನ್ನು ಹಿಡಿ ಎಂದೆ. ಲೆಕ್ಕಕ್ಕೆಂದು ಮಾರುಕಟ್ಟೆ ವರ್ಷಕ್ಕೆ ಶೇ. 10 ಬೆಳೆಯಿತು ಎಂದುಕೊಳ್ಳೋಣ, ಇದಕ್ಕೆ ಯಾರ ಗ್ಯಾರಂಟಿಯೂ ಇಲ್ಲ. ತಿಂಗಳಿಗೆ ಐನೂರರಂತೆ ಇಪ್ಪತ್ತೈದು ವರ್ಷ ಕಟ್ಟಿದರೆ ನಿನ್ನ ಕೈಯಿಂದ ಹೋಗುವುದು ಒಂದೂವರೆ ಲಕ್ಷ. ಫಂಡಿನ ಖರ್ಚು ಶೇ. 0.25 ಆದರೆ ಕೊನೆಗೆ ಸುಮಾರು 6.36 ಲಕ್ಷ. ಖರ್ಚು ಶೇ. 2 ಆದರೆ ಸುಮಾರು 4.76 ಲಕ್ಷ. ಎರಡರ ವ್ಯತ್ಯಾಸ 1.60 ಲಕ್ಷ. ಅಂದರೆ ನೀನು ಇಪ್ಪತ್ತೈದು ವರ್ಷ ಕಟ್ಟಿದ ಅಸಲಿಗಿಂತ ಹೆಚ್ಚಿನ ಮೊತ್ತ ಬರೀ ಖರ್ಚಿನ ವ್ಯತ್ಯಾಸದಲ್ಲಿ ಹೋಗುತ್ತದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಪರ್ಸೆಂಟ್ ಅಂದ್ರೆ ಇಷ್ಟಾ?" ಎಂದಳು. ಇಷ್ಟೇ. ಶೇ. 2 ಎಂಬುದು ಸಣ್ಣದಾಗಿ ಕಾಣುವುದು ಅದನ್ನು ಅಸಲಿನ ಪಕ್ಕ ಇಟ್ಟು ನೋಡಿದಾಗ. ನಿಮಗೆ ಬರುವ ಗಳಿಕೆಯೇ ಹತ್ತಾದರೆ, ಅದರಲ್ಲಿ ಎರಡು ಎಂದರೆ ಐದನೇ ಒಂದು ಪಾಲು. ಅದೂ ಒಂದು ಸಲದ ಮಾತಲ್ಲ, ಪ್ರತಿ ವರ್ಷ. ಕಡಿತವಾದ ಹಣ ಮುಂದಿನ ವರ್ಷಗಳಲ್ಲಿ ತಾನೂ ಬೆಳೆಯಬೇಕಾಗಿತ್ತಲ್ಲ, ಆ ಬೆಳವಣಿಗೆಯೂ ಹೋಗುತ್ತದೆ. ಇದಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ. ಖರ್ಚನ್ನು ದಿನದಿನವೂ ಎನ್‌ಎವಿಯಲ್ಲೇ ಕಳೆದು ತೋರಿಸುತ್ತಾರೆ. ಜೇಬಿನಿಂದ ಎಣಿಸಿ ಕೊಡದ ಹಣಕ್ಕೆ ಮನುಷ್ಯ ಲೆಕ್ಕ ಇಡುವುದಿಲ್ಲ.

ಅಪ್ಪ-ಅಮ್ಮನ ಕಾಲದಲ್ಲೂ ಇಂಥ ಕಾಣದ ಖರ್ಚು ಇತ್ತು, ಹೆಚ್ಚಾಗಿ ವಿಮೆಯ ರೂಪದಲ್ಲಿ. ವಿಮೆ ಮತ್ತು ಉಳಿತಾಯ ಬೆರೆಸಿದ ದೀರ್ಘಾವಧಿ ಪಾಲಿಸಿಗಳ ಮೊದಲ ವರ್ಷದ ಕಂತಿನಲ್ಲಿ ಶೇ. 35ರವರೆಗೆ ಏಜೆಂಟರ ಕಮಿಷನ್ನಿಗೆ ಕಾನೂನೇ ಅವಕಾಶ ಕೊಟ್ಟಿತ್ತು. ಅಮ್ಮನ ಹೆಸರಿನ ಪಾಲಿಸಿ ಕೈಗೆ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಖುಷಿಯಾಗಿತ್ತು. ಅಷ್ಟು ವರ್ಷದ ಬೆಲೆಯೇರಿಕೆಯ ಪಕ್ಕ ಆ ಮೊತ್ತವನ್ನು ಯಾರೂ ಇಟ್ಟು ನೋಡಲಿಲ್ಲ. ಜೀವಕ್ಕೆ ಭದ್ರತೆ ಬೇಕಾದರೆ ಟರ್ಮ್ ಪಾಲಿಸಿ, ಹಣ ಬೆಳೆಯಬೇಕಾದರೆ ಹೂಡಿಕೆ. ಎರಡನ್ನೂ ಬೇರೆ ಬೇರೆ ಇಡಿ ಎಂದು ಅಂದು ಹೇಳುವವರು ನಮ್ಮ ಬೀದಿಯಲ್ಲಿ ಇರಲಿಲ್ಲ.

ಈಗ ಶುರುಮಾಡುವುದು ಒಂದು ಸಂಜೆಯ ಕೆಲಸ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಕೆವೈಸಿ ಮೊಬೈಲಿನಲ್ಲೇ ಮುಗಿಯುತ್ತದೆ. ಫಂಡ್ ಕಂಪನಿಯ ಸ್ವಂತ ತಾಣದಲ್ಲೇ ಕೊಳ್ಳಬಹುದು. ಹೆಸರಿನಲ್ಲಿ ಮೂರು ವಿಷಯ ನೋಡಿ: ನಿಫ್ಟಿ 50ರಂಥ ವಿಶಾಲ ಸೂಚ್ಯಂಕ, ಡೈರೆಕ್ಟ್ ಪ್ಲಾನ್, ಗಳಿಕೆಯನ್ನು ಹಂಚದೆ ಒಳಗೇ ಬೆಳೆಸುವ ಗ್ರೋತ್ ಆಯ್ಕೆ. ಆಮೇಲೆ ಎಕ್ಸ್‌ಪೆನ್ಸ್ ರೇಷಿಯೊ, ಅಂದರೆ ವಾರ್ಷಿಕ ಖರ್ಚು, ಎಷ್ಟಿದೆ, ಸೂಚ್ಯಂಕಕ್ಕಿಂತ ಫಂಡು ಎಷ್ಟು ಹಿಂದೆ ಬಿದ್ದಿದೆ ಎಂದು ಹೋಲಿಸಿ. ಇಂಡೆಕ್ಸ್ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಒಂದೇ ಉದ್ಯಮದ, ಒಂದೇ ಕಥೆಯ ಬೆನ್ನು ಹತ್ತಿದ ಇಂಡೆಕ್ಸ್ ಫಂಡುಗಳೂ ಈಗ ಸಾಕಷ್ಟಿವೆ, ಮೊದಲ ಹೂಡಿಕೆಗೆ ಅವು ಬೇಡ. ಸಂಬಳ ಬಂದ ಎರಡು-ಮೂರು ದಿನಕ್ಕೆ ಹಣ ತಾನೇ ಕಡಿತವಾಗುವಂತೆ ಆಟೊಪೇ ಹಾಕಿ. ನಾಮಿನಿಯ ಹೆಸರು ತಪ್ಪದೆ ಬರೆಯಿರಿ. ಮನೆಯಲ್ಲಿ ಒಬ್ಬರಿಗಾದರೂ ಈ ಖಾತೆ ಇದೆಯೆಂದು ತಿಳಿದಿರಲಿ. ನೂರು ರೂಪಾಯಿಯಿಂದ ಎಸ್‌ಐಪಿ ಕಟ್ಟಬಹುದಾದ ಫಂಡುಗಳಿವೆ. 2025ರಲ್ಲಿ 250 ರೂಪಾಯಿಯ ಸಣ್ಣ ಎಸ್‌ಐಪಿಗಳಿಗೆ ಸೆಬಿಯೇ ಒತ್ತು ಕೊಟ್ಟಿತು. ಮೊತ್ತ ಸಣ್ಣದೆಂದು ನಾಚಬೇಕಾಗಿಲ್ಲ.

ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳೂ ಇವೆ. ಕ್ರೆಡಿಟ್ ಕಾರ್ಡಿನ ಬಾಕಿ, ಕೈಸಾಲ ಇದ್ದರೆ ಮೊದಲು ಅದನ್ನು ತೀರಿಸಿ. ಅವುಗಳ ಬಡ್ಡಿಯನ್ನು ಸತತವಾಗಿ ಮೀರಿಸುತ್ತದೆಂದು ನಂಬಬಹುದಾದ ಫಂಡು ಯಾವುದೂ ಇಲ್ಲ. ಕೆಲವು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ. ಎರಡು ವರ್ಷದೊಳಗೆ ಬೇಕಾಗುವ ಕಾಲೇಜು ಫೀಸಿಗೆ, ಮದುವೆಗೆ ಇಂದಿಗೂ ಬ್ಯಾಂಕಿನ ಆರ್‌ಡಿಯೇ ಸರಿ. ಷೇರುಪೇಟೆ ಬಿದ್ದ ವರ್ಷವೇ ಹಣ ತೆಗೆಯಬೇಕಾಗಿ ಬಂದರೆ ಕಡಿಮೆ ಖರ್ಚಿನ ಫಂಡೂ ಕಾಪಾಡುವುದಿಲ್ಲ. ಏಳು-ಎಂಟು ವರ್ಷ ಮುಟ್ಟದೆ ಇರಬಲ್ಲ ಹಣ ಮಾತ್ರ ಇಲ್ಲಿಗೆ ಬರಲಿ.

ಅಂದು ಇಂದು ಎಂದು ತೂಗಿದರೆ ಇಂದಿನದೇ ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಖರ್ಚು ಇಳಿದಿದೆ, ಲೆಕ್ಕ ಬಯಲಾಗಿದೆ, ಬಾಗಿಲು ಎಲ್ಲರಿಗೂ ತೆರೆದಿದೆ. ಆದರೆ ಒಂದನ್ನು ಕಳೆದುಕೊಂಡಿದ್ದೇವೆ. ಅಂದು ಉಳಿಸುವಂತೆ ನೆನಪಿಸಲು ಒಬ್ಬರು ಅಂಗಡಿಗೆ ಬರುತ್ತಿದ್ದರು. ಇಂದು ಫೋನು ನೆನಪಿಸುವುದು ಬಹುತೇಕ ಖರ್ಚು ಮಾಡಲು, ಇಲ್ಲವೇ ಆಡಲು. ಎಸ್‌ಐಪಿ ಕಟ್ಟುವ ಆ್ಯಪಿನಲ್ಲೇ ಪಕ್ಕದ ಗುಂಡಿ ಒತ್ತಿದರೆ ಷೇರುಬೆಲೆಯ ಏರಿಳಿತಕ್ಕೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ತೆರೆದುಕೊಳ್ಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರತಂದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ಬಿಡಿ ಜನರಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಹಾಗೆ ಹೋದದ್ದು ಹುಡುಗ ಹುಡುಗಿಯರ ಮೊದಲ ಸಂಬಳ, ತಂದೆ-ತಾಯಿ ನಂಬಿ ಕೊಟ್ಟ ಹಣ. ಅದನ್ನು ನೆನೆದರೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ಹೈಸ್ಕೂಲಿನಲ್ಲಿ ಚಕ್ರಬಡ್ಡಿಯ ಸೂತ್ರ ಕಲಿಸುತ್ತೇವೆ. ಅದೇ ಸೂತ್ರದಲ್ಲಿ ಶೇ. 2 ಖರ್ಚು ಕಳೆದು ಇಪ್ಪತ್ತೈದು ವರ್ಷದ ಲೆಕ್ಕ ಮಾಡಿಸಲು ಇನ್ನೊಂದು ಪೀರಿಯಡ್ ಸಾಕು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ, ಡೆಲಿವರಿ ಹುಡುಗರಿಗೆ, ಹೊಸದಾಗಿ ಮೇಷ್ಟ್ರಾದವರಿಗೆ ಆ ಲೆಕ್ಕ ಅವರ ಭಾಷೆಯಲ್ಲೇ ತಿಳಿಯಬೇಕು. ಉಡುಪಿಯಲ್ಲಿ ಎರಡಾಣೆಯಿಂದ ಖಾತೆ ತೆರೆಸಿದವರು ಬಡವರಿಗೆ ಉಳಿಸಲು ಬರುವುದಿಲ್ಲ ಎಂಬ ಮಾತನ್ನು ಸುಳ್ಳು ಮಾಡಿದ್ದರು. ಉಳಿಸುವುದು ನಮ್ಮವರಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಉಳಿಸಿದ್ದರಲ್ಲಿ ಯಾರ ಪಾಲು ಎಷ್ಟು ಎಂದು ಕೇಳುವುದನ್ನು ಕಲಿಸಬೇಕು. ಹಣ ಹಾಕುವ ಮೊದಲು ಅದೊಂದನ್ನು ಕೇಳಿ, ಉತ್ತರ ಅಂಕಿಯಲ್ಲೇ ಬರಲಿ ಎಂದು ಪಟ್ಟು ಹಿಡಿಯಿರಿ. ಅಂಕಿ ಸಣ್ಣದಿದ್ದರೆ ಈ ತಿಂಗಳೇ ಶುರುಮಾಡಿ.